ಕಾರಿನ ಪೈಂಟ್ ಮೇಲೆ ಬೋರ್ಡೋ ಚುಕ್ಕಿ, ಟಾರು, ದೊರಗು: ಕ್ಲೇ ಬಾರ್ ಮನೆಯಲ್ಲೇ ಹಾಕ್ಬಹುದಾ?

ನೀರ್ಚಾಲು_ತೋಟ

ಎಲ್ಲರಿಗೂ ನಮಸ್ಕಾರ. ನನ್ನದು ಬಿಳಿ ಹ್ಯಾಚ್‌ಬ್ಯಾಕ್, ತಗೊಂಡು ನಾಲ್ಕು ವರ್ಷ ಆಯ್ತು. ಮನೆ ನೀರ್ಚಾಲು ಹತ್ತಿರ, ಅಂಗಳದ ಕೆಳಗೇ ಅಡಿಕೆ ತೋಟ, ಕಾರು ನಿಲ್ಲುದು ಶೀಟ್ ಹಾಕಿದ ಮಾಡಿನ ಅಡಿಯಲ್ಲಿ ಆದ್ರೆ ಸುತ್ತ ಗೋಡೆ ಇಲ್ಲ. ಕೆಲಸಕ್ಕೆ ದಿನಾ ಕಾಸರಗೋಡಿಗೆ ಹೋಗಿ ಬರುದು, ನಡುನಡುವೆ ಮಂಗಳೂರಿಗೂ ಹೋಗ್ಲಿಕ್ಕುಂಟು, ಹಾಗಾಗಿ ಹೈವೇ ಆರು ಪಥ ಆಗುವಾಗ ಎದ್ದ ಧೂಳು, ಟಾರು ಎಲ್ಲ ಈ ಕಾರಿನ ಮೈಮೇಲೆ ಬಿದ್ದಿದೆ.

ಈಗ ಮಳೆ ಬಿಟ್ಟ ಮೇಲೆ ಸರಿಯಾಗಿ ಶಾಂಪೂ ಹಾಕಿ ತೊಳೆದು ಒಣಗಿಸಿ ನೋಡಿದೆ, ಕಣ್ಣಿಗೆ ಕ್ಲೀನ್ ಕಾಣ್ತದೆ, ಆದ್ರೆ ಕೈ ಆಡಿಸಿದ್ರೆ ಬಾನೆಟ್, ಟಾಪ್ ಎಲ್ಲ ದೊರಗು ದೊರಗು. ಡೋರಿನ ಕೆಳಗಿನ ಭಾಗದಲ್ಲಿ ಕಪ್ಪು ಟಾರಿನ ಚುಕ್ಕಿ, ಚಕ್ರದ ಹಿಂದೆ ಇನ್ನೂ ಜಾಸ್ತಿ. ಡಿಕ್ಕಿಯ ಬಾಗಿಲ ಮೇಲೆ ಸಣ್ಣ ಸಣ್ಣ ತುಕ್ಕಿನ ಬಣ್ಣದ ಚುಕ್ಕಿ ಉಂಟು, ಅದು ಎಲ್ಲಿಂದ ಬಂತು ಅಂತಲೇ ಗೊತ್ತಾಗ್ತಿಲ್ಲ. ಎಲ್ಲಕ್ಕಿಂತ ಮುಖ್ಯ ಅಂದ್ರೆ ತೋಟದ ಕಡೆಯ ಎರಡು ಡೋರು ಮತ್ತೆ ಗ್ಲಾಸಿನ ಮೇಲೆ ಅಡಿಕೆಗೆ ಬಿಡುವ ಬೋರ್ಡೋ ಮದ್ದು ಬಿದ್ದ ನೀಲಿ-ಬಿಳಿ ಚುಕ್ಕಿಗಳು. ದೋಟಿಯಲ್ಲಿ (ಉದ್ದದ ಕೋಲಿನಲ್ಲಿ) ಮದ್ದು ಬಿಡುವಾಗ ಒಂದು ಗಾಳಿ ಬಂದ್ರೆ ಎಲ್ಲಿಗೆಲ್ಲ ಹಾರ್ತದೆ ಅಂತ ಕೃಷಿಕರಿಗೆ ನಾನು ಹೇಳ್ಬೇಕಾಗಿಲ್ಲ. ಉಗುರಲ್ಲಿ ಕೆರೆದ್ರೆ ಏಳ್ತದೆ ಆದ್ರೆ ಹಾಗೆ ಕೆರೀಲಿಕ್ಕೆ ಮನಸ್ಸು ಬರ್ತಿಲ್ಲ.

ಒಂದು ಡೀಟೇಲಿಂಗ್ ಅಂಗಡಿಯಲ್ಲಿ ಕೇಳಿದ್ರೆ ಮೆಷಿನ್ ಪಾಲಿಶ್ ಮಾಡಿ ಮೇಲಿಂದ ಪೈಂಟ್ ಕಾಯುವ ಸೆರಾಮಿಕ್ ಕೋಟಿಂಗ್ ಹಾಕ್ಲೇಬೇಕು ಹೇಳಿದ್ರು. ನನಗೆ ಶೋರೂಮ್ ಹೊಳಪು ಬೇಕು ಅಂತ ಇಲ್ಲ, ಈ ಕಾರು ಇನ್ನೂ ಏಳೆಂಟು ವರ್ಷ ನಮ್ಮ ಮನೆಯಲ್ಲೇ ಇರ್ತದೆ, ಅಲ್ಲಿವರೆಗೆ ಪೈಂಟ್ ಗಟ್ಟಿ ಉಳಿಬೇಕು ಅಷ್ಟೆ. ಗೆಳೆಯರೊಬ್ಬರು ಕ್ಲೇ ಬಾರ್, ಅಂದ್ರೆ ಪೈಂಟ್ ಮೇಲೆ ಎಳೆಯುವ ಮೆತ್ತಗಿನ ಮುದ್ದೆ, ಹಾಕಿ ನೋಡು ಅಂದ್ರು. ವೀಡಿಯೋ ನೋಡ್ಲಿಕ್ಕೆ ಹೋದ್ರೆ ಒಬ್ಬ ಸೋಪು ನೀರು ಸಾಕು ಅಂತಾನೆ, ಇನ್ನೊಬ್ಬ ಅದಕ್ಕೇ ಮಾಡಿದ ಸ್ಪ್ರೇ ಬೇಕು ಅಂತಾನೆ, ಮತ್ತೊಬ್ಬ ಕ್ಲೇ ಹಾಕಿದ್ರೆ ಪೈಂಟೇ ಸವೀತದೆ ಅಂತ ಹೆದರಿಸ್ತಾನೆ. ನಿಜವಾಗಿ ಅದು ಎಂತ ಮಾಡ್ತದೆ, ಮೇಲೆ ಹೇಳಿದ ನಾಲ್ಕು ತೊಂದರೆಗೂ ಅದೊಂದೇ ಸಾಕಾ, ಅಭ್ಯಾಸ ಇಲ್ಲದವರು ಮನೆಯಲ್ಲಿ ಮಾಡ್ಬಹುದಾ? ನಮ್ಮ ಕಡೆಯ ಧೂಳು, ನೀರು, ಮಳೆ ಗೊತ್ತಿರುವವರು ಹೇಳಿದ್ರೆ ಉಪಕಾರ.

ಕುಂಬಳೆ_ಡೀಟೇಲಿಂಗ್

ಧಾರಾಳ ಮಾಡ್ಬಹುದು. ಆದ್ರೆ ಕ್ಲೇ ಬಾರ್ ತಗೊಳ್ಳುವ ಮೊದಲು ಒಂದು ವಿಷಯ ತಲೆಯಲ್ಲಿ ಇರ್ಲಿ, ಅದು ಪೈಂಟಿನ ಮೇಲೆ ಅಂಟಿ ಕೂತದ್ದನ್ನು ಮಾತ್ರ ಎಳೆದು ತೆಗೀತದೆ, ಪೈಂಟಿನ ಒಳಗೆ ಇಳಿದದ್ದನ್ನು ಎಂತದೂ ಮಾಡುದಿಲ್ಲ. ಗೀರು, ಬಿಸಿಲಿಗೆ ಕಾಣುವ ಜೇಡನ ಬಲೆ ತರದ ಗೆರೆ, ಹಕ್ಕಿ ಹಿಕ್ಕೆ ತಿಂದು ಆದ ಗುಳಿ, ಮಾಸಿದ ಬಣ್ಣ, ಇದಕ್ಕೆಲ್ಲ ಕ್ಲೇ ಮದ್ದಲ್ಲ. ಕೈಗೆ ದೊರಗು ಸಿಗ್ತದಲ್ಲ ಅದಕ್ಕೆ ಮದ್ದು.

ಹೆಸರು ಕ್ಲೇ ಆದ್ರೂ ಈಗ ಸಿಗುವುದು ಮಣ್ಣಲ್ಲ, ಮೆತ್ತಗಿನ ಸಿಂಥೆಟಿಕ್ ಅಂಟಿನೊಳಗೆ ತುಂಬ ನಯವಾದ ಉಜ್ಜುವ ಪುಡಿ ಕಲಸಿದ್ದು. ಜಪಾನಿನಲ್ಲಿ ಶುರುವಾದದ್ದು, ತಡಾವೊ ಕಡಾಟೆ ಎಂಬವರ ಹೆಸರಲ್ಲಿ 1995ರಲ್ಲಿ ಅಮೆರಿಕದ ಪೇಟೆಂಟ್ ಕೂಡ ಉಂಟು. ಉಜ್ಜುವ ಪುಡಿ ಇರುದ್ರಿಂದ ಒಣ ಪೈಂಟಿನ ಮೇಲೆ ಹಾಕಿದ್ರೆ ಖಂಡಿತ ಗೀರು ಬೀಳ್ತದೆ, ಹೆದರಿಸಿದವ ಅಷ್ಟರ ಮಟ್ಟಿಗೆ ಸರಿ. ಮೇಲೆ ಜಾರುವ ದ್ರವ ಚೆನ್ನಾಗಿ ಇದ್ರೆ ಬಾರ್ ಆ ಪದರದ ಮೇಲೆ ತೇಲಿಕೊಂಡು ಹೋಗ್ತದೆ, ಎದ್ದು ನಿಂತ ಕಣ ಮಾತ್ರ ಅದಕ್ಕೆ ತಾಗಿ ಕಿತ್ತು ಬರ್ತದೆ. ಇಡೀ ಕೆಲಸದ ಗುಟ್ಟು ಇದೇ, ಹಾಗಾಗಿ ದ್ರವದಲ್ಲಿ ಕಂಜೂಸಿ ಮಾಡ್ಬೇಡಿ.

ಮೊದಲು ಪರೀಕ್ಷೆ. ತೊಳೆದು ಒಣಗಿಸಿದ ಬಾನೆಟ್ ಮೇಲೆ, ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬೆರಳ ತುದಿಯಿಂದ ಮೆಲ್ಲಗೆ ಸವರಿ. ಬರಿಗೈಗಿಂತ ಎಷ್ಟೋ ಜಾಸ್ತಿ ಗೊತ್ತಾಗ್ತದೆ. ಎಲ್ಲಿ ದೊರಗು ಉಂಟೋ ಅಲ್ಲಿಗೆ ಮಾತ್ರ ಕ್ಲೇ ಸಾಕು, ನುಣುಪಾಗಿರುವ ಡೋರಿಗೆ ಸುಮ್ಮನೆ ಹಾಕುವ ಅಗತ್ಯ ಇಲ್ಲ.

ಇನ್ನು ತೊಳೆಯುದು. ನಮ್ಮ ಕಡೆ ಇದೇ ದೊಡ್ಡ ಕೆಲಸ, ಯಾಕಂದ್ರೆ ಮುರಕಲ್ಲಿನ ಕೆಂಪು ಧೂಳು ಮುಟ್ಲಿಕ್ಕೆ ಮೆತ್ತಗೆ ಕಂಡ್ರೂ ಅದರಲ್ಲಿ ಗಟ್ಟಿ ಕಣ ಇರ್ತದೆ, ಅದು ಪೈಂಟ್ ಮೇಲೆ ಉಳಿದಿರುವಾಗ ಕ್ಲೇ ಎಳೆದ್ರೆ ಕ್ಲೇಯೇ ಅದನ್ನು ಹಿಡ್ಕೊಂಡು ಕಾರಿನ ತುಂಬ ಗೀರು ಹಾಕ್ತದೆ. ಪೈಪಲ್ಲಿ ಜೋರು ನೀರು ಬಿಟ್ಟು ಧೂಳು ಇಳಿಸಿ, ಆಮೇಲೆ ಎರಡು ಬಕೆಟ್, ಒಂದರಲ್ಲಿ ಶಾಂಪೂ ಇನ್ನೊಂದರಲ್ಲಿ ಬರೀ ನೀರು, ಮೈಕ್ರೋಫೈಬರ್ ಕೈಗವಸು ಪ್ರತಿ ಸಲ ಬರೀ ನೀರಲ್ಲಿ ಹಿಂಡಿ ಮತ್ತೆ ಶಾಂಪೂವಿಗೆ. ಟಾಪಿನಿಂದ ಶುರು, ಡೋರಿನ ಕೆಳಗಿನ ಭಾಗ ಕೊನೆಗೆ. ವೈಪರಿನ ಬುಡ, ಫ್ಯುಯೆಲ್ ಮುಚ್ಚಳದ ಒಳಗೆ, ಬಾಗಿಲ ಸಂದಿ, ಅಲ್ಲೆಲ್ಲ ಕೂತ ಕೆಂಪು ಮಣ್ಣು ಬಿಡಿಸಿ, ಇಲ್ಲಾಂದ್ರೆ ಕ್ಲೇ ಹಾಕುವಾಗ ದ್ರವದೊಟ್ಟಿಗೆ ಅದೂ ಇಳಿದು ಬರ್ತದೆ.

ಟಾರಿಗೆ ಕ್ಲೇ ಹಾಕ್ಬೇಡಿ, ಬಾರ್ ಒಂದೇ ಡೋರಿಗೆ ಕಪ್ಪಾಗಿ ಹಾಳಾಗ್ತದೆ. ಟಾರ್ ರಿಮೂವರ್ ಸಿಗ್ತದೆ, ಇಲ್ಲಾಂದ್ರೆ ಮೆತ್ತಗಿನ ಬಟ್ಟೆಯಲ್ಲಿ ಸ್ವಲ್ಪ ಚಿಮಿಣಿ ಎಣ್ಣೆ (ಸೀಮೆಎಣ್ಣೆ) ತಗೊಂಡು ಚುಕ್ಕಿಯ ಮೇಲೆ ಒತ್ತಿ ಹಿಡಿದು ಕರಗಿದ ಮೇಲೆ ಒರಸಿ, ತಿಕ್ಕುದಲ್ಲ. ಆದ ಕೂಡ್ಲೆ ಶಾಂಪೂವಿನಲ್ಲಿ ತೊಳೀಬೇಕು, ಎಣ್ಣೆ ಪಸೆ ಉಳಿದ್ರೆ ಧೂಳೆಲ್ಲ ಅಲ್ಲೇ ಕೂರ್ತದೆ. ಹಲಸಿನ ಮೇಣ ಬಿದ್ದಿದ್ರೂ ಹೀಗೇ, ಅದಕ್ಕೆ ತೆಂಗಿನೆಣ್ಣೆ ಸಾಕು, ಮೆತ್ತಗಾಗುವವರೆಗೆ ಬಿಟ್ಟು ಒರಸಿ ತೊಳೀರಿ.

ಈಗ ಕ್ಲೇ. ಫೈನ್ ಗ್ರೇಡ್ ತಗೊಳ್ಳಿ, ಹೆವಿ ಅಂತ ಬರೆದದ್ದು ಬೇಡ, ಅದು ಹಾಕಿದ್ರೆ ಮತ್ತೆ ಮೆಷಿನ್ ಪಾಲಿಶ್ ಮಾಡ್ಲೇಬೇಕಾಗ್ತದೆ. ಬಣ್ಣ ನೋಡಿ ಗ್ರೇಡ್ ತೀರ್ಮಾನ ಮಾಡ್ಬೇಡಿ, ಒಂದೊಂದು ಕಂಪೆನಿಯದ್ದು ಒಂದೊಂದು ಬಣ್ಣ, ಪ್ಯಾಕೆಟ್ ಓದಿ. 100 ಗ್ರಾಮಿನ ಬಾರ್ ಆದ್ರೆ ಮೂರು ತುಂಡು ಮಾಡಿ ಒಂದು ಮಾತ್ರ ಹೊರಗೆ ಇಟ್ಕೊಳ್ಳಿ. ಕೈಯಲ್ಲಿ ನಾದಿ ಮೂರು ಬೆರಳಷ್ಟು ಅಗಲಕ್ಕೆ ಚಪ್ಪಟೆ ಮಾಡಿ. ಕಾರು ನೆರಳಲ್ಲಿ ಇರ್ಬೇಕು, ಮುಟ್ಟಿದ್ರೆ ಪೈಂಟ್ ತಣ್ಣಗಿರ್ಬೇಕು, ಬೆಳಿಗ್ಗೆ ಬೇಗ ಶುರು ಮಾಡಿದ್ರೆ ಒಳ್ಳೇದು. ಎರಡಡಿ ಉದ್ದ ಎರಡಡಿ ಅಗಲದಷ್ಟೇ ಜಾಗ ಒಂದು ಸಲಕ್ಕೆ, ಅಲ್ಲಿಗೂ ಬಾರಿಗೂ ಸ್ಪ್ರೇ ಹೊಡೆದು, ಬೆರಳು ಚಪ್ಪಟೆ ಇಟ್ಟು ಬಾರಿನ ಭಾರದಷ್ಟೇ ಒತ್ತಿ, ನೇರ ಗೆರೆಯಲ್ಲಿ ಹಿಂದೆ ಮುಂದೆ. ಸುತ್ತು ಸುತ್ತು ತಿರುಗಿಸ್ಬೇಡಿ. ಶುರುವಿಗೆ ಕೈಗೆ ಹಿಡಿದ ಹಾಗೆ ಆಗ್ತದೆ, ಸರ್ ಸರ್ ಅಂತ ಸಣ್ಣ ಶಬ್ದವೂ ಬರ್ತದೆ, ಕಣ ಹೋದ ಹಾಗೆ ಶಬ್ದ ನಿಂತು ಜಾರ್ಲಿಕ್ಕೆ ಶುರು ಆಗ್ತದೆ. ಜಾರಿತಾ, ಅಲ್ಲಿಗೆ ನಿಲ್ಲಿಸಿ, ಒರಸಿ, ಕವರ್ ಹಾಕಿ ಮತ್ತೆ ಸವರಿ ನೋಡಿ.

ಬಾರನ್ನು ಆಗಾಗ ತಿರುಗಿಸಿ ನೋಡ್ತಾ ಇರಿ, ಕೊಳೆ ಕಂಡ್ರೆ ಮಡಚಿ ನಾದಿ ಹೊಸ ಮುಖ ಮೇಲೆ ತನ್ನಿ. ನೆಲಕ್ಕೆ ಬಿದ್ರೆ ಆ ತುಂಡು ಅಲ್ಲಿಗೆ ಮುಗೀತು, ತೊಳೆದು ಉಪಯೋಗಿಸ್ಲಿಕ್ಕೆ ಹೋಗ್ಬೇಡಿ, ಅಂಗಳದ ಮರಳು ಒಳಗೆ ಹೋದದ್ದು ಹೊರಗೆ ಬರುದಿಲ್ಲ. ಮೂರು ತುಂಡು ಮಾಡ್ಲಿಕ್ಕೆ ಹೇಳಿದ್ದು ಅದಕ್ಕೇ.

ಕೊನೆಗೆ ಕಾರು ತೊಳೆದು ಒಣಗಿಸಿ ಅದೇ ದಿನ ಪೈಂಟ್ ಕಾಯುವ ವ್ಯಾಕ್ಸ್ ಅಥವಾ ಸೀಲೆಂಟ್ ಹಾಕಿ. ಕ್ಲೇ ಹಳೆ ವ್ಯಾಕ್ಸನ್ನೂ ತೆಗೆದು ಬಿಡ್ತದೆ, ಪೈಂಟ್ ಬರಿಮೈಯಲ್ಲಿ ಉಳೀತದೆ. ಅದನ್ನು ಹಾಗೆ ಬಿಟ್ರೆ ಮಾಡಿದ್ದೆಲ್ಲ ದಂಡ.

ರೈಲ್ವೆಗೇಟ್_ಮಂಜೇಶ್ವರ

ನಿಮ್ಮ ಡಿಕ್ಕಿ ಬಾಗಿಲಿನ ತುಕ್ಕಿನ ಬಣ್ಣದ ಚುಕ್ಕಿ ಬಗ್ಗೆ ಹೇಳ್ತೇನೆ, ಯಾಕಂದ್ರೆ ನಮ್ಮ ಮನೆ ಹಳಿಯಿಂದ ಕೂಗಳತೆ ದೂರದಲ್ಲಿ, ಇಲ್ಲಿ ಬಿಳಿ ಕಾರು ಇರುವ ಎಲ್ಲರಿಗೂ ಇದೇ ಕತೆ. ಅದು ಕಬ್ಬಿಣದ ಕಣ. ರೈಲಿನ ಚಕ್ರ, ಹಳಿ, ಬ್ರೇಕ್ ಉಜ್ಜಿ ಬರುವ ಪುಡಿ ಗಾಳಿಯಲ್ಲಿ ಬಂದು ಕೂರ್ತದೆ, ನಮ್ಮದೇ ಕಾರಿನ ಬ್ರೇಕ್ ಡಿಸ್ಕಿನಿಂದಲೂ ಬರ್ತದೆ, ವೆಲ್ಡಿಂಗ್ ಅಂಗಡಿ ಹತ್ತಿರ ಪಾರ್ಕ್ ಮಾಡಿದ್ರೆ ಅಲ್ಲಿಂದಲೂ. ನೀವು ದಿನಾ ಕಾಸರಗೋಡಲ್ಲಿ ಎಲ್ಲಿ ಪಾರ್ಕ್ ಮಾಡುದು ನೋಡಿ, ಸ್ಟೇಷನ್ ಹತ್ತಿರ ಆದ್ರೆ ಅಲ್ಲಿಂದಲೇ ಇರ್ಬೇಕು. ಕೂತ ಮೇಲೆ ಉಪ್ಪುಗಾಳಿ, ಮಳೆ ಸೇರಿ ಅಲ್ಲೇ ತುಕ್ಕು ಹಿಡೀತದೆ. ಕಪ್ಪು ಕಾರಲ್ಲೂ ಇರ್ತದೆ, ಕಾಣುದಿಲ್ಲ ಅಷ್ಟೆ.

ಇದಕ್ಕೆ ಕ್ಲೇ ಹಾಕುವ ಮೊದಲು ಅಯರ್ನ್ ರಿಮೂವರ್, ಅಂದ್ರೆ ಕಬ್ಬಿಣದ ಕಣ ಕರಗಿಸುವ ದ್ರವ, ಹಾಕಿ. ಕಬ್ಬಿಣ ಇದ್ದಲ್ಲಿ ಅದು ನೇರಳೆ ಬಣ್ಣಕ್ಕೆ ತಿರುಗಿ ಇಳೀತದೆ, ಅದರಲ್ಲಿರುವ ಥಯೋಗ್ಲೈಕೊಲೇಟ್ ಎಂಬ ರಾಸಾಯನಿಕ ಕಬ್ಬಿಣದೊಟ್ಟಿಗೆ ಸೇರುವಾಗ ಬರುವ ಬಣ್ಣ ಅದು. ಕೊಳೆತ ಮೊಟ್ಟೆ ವಾಸನೆ ಬರ್ತದೆ, ಗ್ಲೌಸ್ ಹಾಕಿ, ಗಾಳಿ ಆಡುವಲ್ಲಿ ಮಾಡಿ. ಬಾಟಲಿ ಮೇಲೆ ಬರೆದಷ್ಟು ನಿಮಿಷ ಮಾತ್ರ, ಒಣಗ್ಲಿಕ್ಕೆ ಬಿಡದೆ ನೀರು ಹೊಡೀರಿ. ಅರ್ಧಕ್ಕಿಂತ ಹೆಚ್ಚು ದೊರಗು ಅದರಲ್ಲೇ ಹೋಗ್ತದೆ, ಉಳಿದದ್ದಕ್ಕೆ ಮಾತ್ರ ಕ್ಲೇ. ಮುಟ್ಟದೆ ಹೋಗುವುದನ್ನು ಮುಟ್ಟಿ ಯಾಕೆ ತೆಗೀಬೇಕು ಅಂತ ನನ್ನ ಅಭಿಪ್ರಾಯ. ಕಬ್ಬಿಣದ ಕಣ ಗಟ್ಟಿ ಮತ್ತೆ ಚೂಪು, ಅದನ್ನು ಬಾರಿನಲ್ಲಿ ಹಿಡಿಸ್ಕೊಂಡು ಪಕ್ಕದ ಪೈಂಟ್ ಮೇಲೆ ಎಳೆದಾಡುದು ಒಳ್ಳೇದಲ್ಲ.

ಪೆರ್ಲ_ಕೃಷಿಕೆ

ಬೋರ್ಡೋ ಬಗ್ಗೆ ಯಾರೂ ಹೇಳ್ಲಿಲ್ಲ ಅಂತ ಬರೀತಿದ್ದೇನೆ. ನಮ್ಮಲ್ಲಿ ಮಳೆಗಾಲಕ್ಕೆ ಮೊದಲು ಒಂದು ಸಲ, ಅದಾಗಿ 40-45 ದಿನಕ್ಕೆ ಇನ್ನೊಂದು ಸಲ ಮದ್ದು ಬಿಡುದು, ಕೊಳೆರೋಗ ಜೋರಿದ್ರೆ ಮೂರನೇದೂ ಆಗ್ತದೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು, ಮತ್ತೆ ಮಳೆಗೆ ತೊಳೆದು ಹೋಗದ ಹಾಗೆ ರಾಳದ ಅಂಟು ಸೇರಿಸ್ತಾರೆ. ಅಡಿಕೆ ಗೊನೆಯ ಮೇಲೆ ತಿಂಗಳುಗಟ್ಟಲೆ ಮಳೆಗೆ ನಿಲ್ಬೇಕು ಅಂತಲೇ ಮಾಡುವ ಮದ್ದು ಅದು, ಕಾರಿನ ಮೇಲೆ ಬಿದ್ರೂ ಹಾಗೇ ನಿಲ್ತದೆ. ಶಾಂಪೂವಿಗೆ ಹೋಗ್ಲಿಲ್ಲ ಅಂತ ಆಶ್ಚರ್ಯ ಬೇಡ.

ಒಣಗಿದ ಮೇಲೆ ಸುಣ್ಣ ಗಟ್ಟಿ ಆಗ್ತದೆ, ಅದನ್ನು ಉಗುರಲ್ಲಾಗಲಿ ಕ್ಲೇಯಲ್ಲಾಗಲಿ ಮೊದಲೇ ಎಳೀಬೇಡಿ. ಸುಣ್ಣವೂ ತಾಮ್ರದ ಆ ನೀಲಿಯೂ ಹುಳಿಗೆ ಕರಗ್ತದೆ. ಅಡುಗೆಗೆ ತರುವ ಬಿಳಿ ವಿನೆಗರ್ ಅಷ್ಟೇ ನೀರಿಗೆ ಬೆರೆಸಿ, ಹತ್ತಿ ಬಟ್ಟೆ ಅದ್ದಿ, ಚುಕ್ಕಿಗಳ ಮೇಲೆ ಒಂದೆರಡು ನಿಮಿಷ ಹಾಸಿ ಬಿಡಿ, ಮತ್ತೆ ತುಂಬ ನೀರು ಹಾಕಿ ತೊಳೀರಿ. ಪೂರ್ತಿ ಹೋಗದಿದ್ರೆ ಇನ್ನೊಮ್ಮೆ ಮಾಡಿ, ಜಾಸ್ತಿ ಹೊತ್ತು ಬಿಡುದಲ್ಲ. ಕಾರು ತಣ್ಣಗಿರುವಾಗಲೇ ಮಾಡ್ಬೇಕು. ಗ್ಲಾಸಿಗೂ ಇದೇ ಸಾಕು. ಕೆಲವರು ಟಾಯ್ಲೆಟ್ ತೊಳೆಯುವ ಆಸಿಡ್ ಹಾಕ್ತಾರೆ, ದಯವಿಟ್ಟು ಬೇಡ, ಬಾಗಿಲ ರಬ್ಬರು, ಕ್ರೋಮ್ ಪಟ್ಟಿ, ಅಲಾಯ್ ಎಲ್ಲ ಹಾಳಾಗ್ತದೆ. ಅಂಟಿನ ಪಸೆ ತೆಳ್ಳಗೆ ಉಳಿದ್ರೆ ಅದಕ್ಕೆ ಆಮೇಲೆ ಕ್ಲೇ ಹಾಕಿ, ಸುಲಭದಲ್ಲಿ ಬರ್ತದೆ.

ಮುಂದಿನ ವರ್ಷಕ್ಕೆ ಹೇಳುದಾದ್ರೆ ಮದ್ದು ಬಿಡುವ ದಿನ ಕಾರಿಗೆ ಟರ್ಪಾಲು ಎಳೀರಿ, ಇಲ್ಲಾಂದ್ರೆ ರಸ್ತೆ ಬದಿಗೆ ಕೊಂಡುಹೋಗಿ ನಿಲ್ಸಿ. ಬಿದ್ರೂ ಹಸಿ ಇರುವಾಗಲೇ ಒಂದು ಬಕೆಟ್ ನೀರು ಹಾಕಿದ್ರೆ ಪೂರ್ತಿ ಹೋಗ್ತದೆ. ಕೆಲಸದವರು ಕಾಫಿಗೆ ಕೂತಾಗ ಆ ಐದು ನಿಮಿಷ ಸಾಕು.

ನೀರ್ಚಾಲು_ತೋಟ

ಅಕ್ಕ, ವಿನೆಗರ್ ವಿಷಯ ತುಂಬ ಉಪಕಾರ ಆಯ್ತು, ಇದು ಯಾವ ವೀಡಿಯೋದಲ್ಲೂ ಇರ್ಲಿಲ್ಲ. ಮಂಜೇಶ್ವರದ ಅಣ್ಣ ಹೇಳಿದ್ದೂ ಸರಿ, ಕಾರು ದಿನಾ ನಿಲ್ಸುದು ಸ್ಟೇಷನ್ ರಸ್ತೆಯಲ್ಲೇ.

ಕುಂಬಳೆ ಅಣ್ಣನಿಗೆ ಇನ್ನೂ ಎರಡು ಮೂರು ಪ್ರಶ್ನೆ ಉಂಟು. ಜಾರುವ ದ್ರವ ಅಂತ ಹೇಳಿದ್ರಲ್ಲ, ಪಾತ್ರೆ ತೊಳೆಯುವ ಲಿಕ್ವಿಡ್ ಆಗ್ತದಾ? ಮತ್ತೆ ಆನ್‌ಲೈನಲ್ಲಿ ಕ್ಲೇ ಮಿಟ್ ಅಂತ ಕೈಗವಸು ಸಿಗ್ತದೆ, ಬಿದ್ರೂ ತೊಳೆದು ಉಪಯೋಗಿಸ್ಬಹುದು ಅಂತ ಬರೆದಿದ್ದಾರೆ, ಅದು ಒಳ್ಳೇದಾ? ನಮ್ಮ ನೀರು ಬೋರ್‌ವೆಲ್ಲಿನದ್ದು, ಟ್ಯಾಂಕಿಯ ಒಳಗೆ ಕೆಂಪು ಕೂರ್ತದೆ, ಅದರಿಂದ ತೊಂದರೆ ಉಂಟಾ? ಇನ್ನೊಂದು ಹೇಳ್ಲಿಕ್ಕೆ ಬಿಟ್ಟು ಹೋಯ್ತು, ಎಡಗಡೆ ಹಿಂದಿನ ಡೋರು ಈ ಬೇಸಿಗೆಯಲ್ಲಿ ಟಿಂಕರಿಂಗ್ ಮಾಡಿ ಪೈಂಟ್ ಹೊಡೆಸಿದ್ದು, ಅದಕ್ಕೂ ಕ್ಲೇ ಹಾಕ್ಬಹುದಾ? ಅಪ್ಪನ ಹಳೆ ಕಾರೂ ಒಂದುಂಟು ಕೆಂಪು ಬಣ್ಣದ್ದು, ಒರಸಿದ್ರೆ ಬಟ್ಟೆಗೆ ಕೆಂಪು ಹಿಡೀತದೆ, ಅದಕ್ಕೆ ಎಂತ ಮಾಡುದು?

ಉಪ್ಪಳ_ಪೈಂಟರ್

ಪೈಂಟಿನ ಪ್ರಶ್ನೆಗೆ ನಾನು ಹೇಳ್ತೇನೆ, ನನ್ನದು ಇದೇ ಕೆಲಸ. ಕಂಪೆನಿಯಲ್ಲಿ ಬಾಡಿಗೆ ಬಣ್ಣ ಹೊಡೆದು 140 ಡಿಗ್ರಿ ಆಸುಪಾಸಿನಲ್ಲಿ ಬೇಯಿಸ್ತಾರೆ, ಆಗ ಕಾರಿನಲ್ಲಿ ಸೀಟು ವಯರು ಎಂತದೂ ಇರುದಿಲ್ಲ. ವರ್ಕ್‌ಶಾಪಿನ ಬೂತಿನಲ್ಲಿ 60 ಡಿಗ್ರಿ ಸುಮಾರು, ಬೂತ್ ಇಲ್ಲದ ಸಣ್ಣ ಗ್ಯಾರೇಜಿನಲ್ಲಿ ಬರೀ ಗಾಳಿಗೆ ಒಣಗುದು. ಮುಟ್ಟಿದ್ರೆ ಒಣಗಿದೆ ಅಂತ ಕಾಣ್ತದೆ ಆದ್ರೆ ಒಳಗಿನ ಸಾಲ್ವೆಂಟ್ ಹೋಗ್ಲಿಕ್ಕೆ ವಾರಗಟ್ಟಲೆ ಬೇಕು, ಮಳೆಗಾಲದ ತೇವಕ್ಕೆ ಇನ್ನೂ ಜಾಸ್ತಿ. ಹೊಸ ಪೈಂಟಿಗೆ ಎರಡು ಮೂರು ತಿಂಗಳು ಕ್ಲೇಯೂ ಬೇಡ ವ್ಯಾಕ್ಸೂ ಬೇಡ. ನಿಮ್ಮದು ಬೇಸಿಗೆಯಲ್ಲಿ ಮಾಡಿಸಿದ್ದು, ಈಗ ಮಳೆ ಮುಗಿದದ್ದು, ಆದ್ರಿಂದ ತೊಂದರೆ ಇಲ್ಲ. ಆದ್ರೂ ಆ ಡೋರಿಗೆ ಕೊನೆಗೆ ಹಾಕಿ, ಕೈ ಹಗುರ ಇರ್ಲಿ, ಪುಟ್ಟಿ ಹಾಕಿದ ಜಾಗದ ಅಂಚಲ್ಲಿ ಜಾಗ್ರತೆ.

ಆ ಡೋರಿನ ಅಕ್ಕಪಕ್ಕ ಕೂಡ ಸವರಿ ನೋಡಿ. ಮುಚ್ಚದೆ ಸ್ಪ್ರೇ ಹೊಡೆದಿದ್ರೆ ಪಕ್ಕದ ಡೋರು, ಗ್ಲಾಸು, ಬೀಡಿಂಗ್ ಮೇಲೆ ಬಣ್ಣದ ಹುಡಿ ಕೂತಿರ್ತದೆ. ಕ್ಲೇ ಬಾರ್ ಮೊದಲು ಬಂದದ್ದೇ ವರ್ಕ್‌ಶಾಪುಗಳಿಗೆ, ಈ ಹುಡಿ ತೆಗೀಲಿಕ್ಕೆ. ಥಿನ್ನರ್ ಹಾಕಿದ್ರೆ ಅಡಿಯ ಪೈಂಟೂ ಬರ್ತದೆ, ಕ್ಲೇ ಹಾಕಿದ್ರೆ ಹುಡಿ ಮಾತ್ರ ಬರ್ತದೆ. ಮನೆಯ ಗೇಟಿಗೆ, ಶೀಟಿಗೆ ಯಾರಾದ್ರೂ ಸ್ಪ್ರೇ ಪೈಂಟ್ ಹೊಡೆಯುವಾಗ ಹತ್ತಿರ ನಿಂತ ಕಾರಿಗೂ ಇದೇ ಉಪಾಯ.

ಪೈಂಟ್ ಸವೀತದೆ ಅಂತ ಹೆದರಿದ್ರಲ್ಲ ಅದಕ್ಕೆ ಲೆಕ್ಕ ಹೇಳ್ತೇನೆ. ಕಂಪೆನಿ ಪೈಂಟ್ ಪ್ರೈಮರಿನಿಂದ ಹಿಡಿದು ಒಟ್ಟು ಸುಮಾರು 100ರಿಂದ 150 ಮೈಕ್ರಾನ್, ಅದರಲ್ಲಿ ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದ್ರೆ ಕ್ಲಿಯರ್ ಕೋಟ್, 35ರಿಂದ 50. ಒಂದು ತಲೆಕೂದಲೇ 70 ಮೈಕ್ರಾನ್ ಹತ್ತಿರ ಇರ್ತದೆ, ಅಂದ್ರೆ ನಮ್ಮ ಕಾರನ್ನು ಬಿಸಿಲಿಂದ ಕಾಯುವ ಪದರ ಕೂದಲಿಗಿಂತ ತೆಳು. ಫೈನ್ ಕ್ಲೇ ಸರಿಯಾಗಿ ಹಾಕಿದ್ರೆ ಲೆಕ್ಕಕ್ಕೆ ಸಿಗುವಷ್ಟು ಸವೆಯುದಿಲ್ಲ. ಸವೆಸುದು ಕಂಪೌಂಡು, ಅಂದ್ರೆ ಉಜ್ಜಿ ಹೊಳಪು ತರುವ ದೊರಗು ಪೇಸ್ಟು. ವರ್ಷಕ್ಕೊಮ್ಮೆ ಸರ್ವಿಸಿಗೆ ಬಿಟ್ಟಾಗ ರಬ್ಬಿಂಗ್ ಪಾಲಿಶ್ ಅಂತ ಬಿಲ್ಲಿಗೆ ಸೇರಿಸ್ತಾರಲ್ಲ, ಅದನ್ನು ಬೇಡ ಅಂತ ಹೇಳಿ. ಬಾಡಿ ಲೈನಿನ ಏಣು, ಬಾನೆಟ್ಟಿನ ಅಂಚು, ಅಲ್ಲೆಲ್ಲ ಪೈಂಟ್ ಇನ್ನೂ ತೆಳು, ಕ್ಲೇ ಹಾಕುವಾಗಲೂ ಅಲ್ಲಿ ಒತ್ತುದು ಬೇಡ.

ಅಪ್ಪನ ಕೆಂಪು ಕಾರು ಬಹುಶಃ ಕ್ಲಿಯರ್ ಇಲ್ಲದ ಪೈಂಟ್, ಬಣ್ಣವೇ ಮೇಲಿನ ಪದರ, ಬಿಸಿಲಿಗೆ ಸತ್ತ ಬಣ್ಣ ಬಟ್ಟೆಗೆ ಬರ್ತದೆ. ಕ್ಲೇಗೂ ಕೆಂಪು ಹಿಡೀತದೆ, ಹೆದರ್ಬೇಡಿ. ಆದ್ರೆ ಅದಕ್ಕೆ ಬೇಕಾದ್ದು ಕ್ಲೇ ಅಲ್ಲ, ನಯವಾದ ಪಾಲಿಶ್ ಕೈಯಲ್ಲೇ ಹಾಕಿ ಮೇಲಿಂದ ವ್ಯಾಕ್ಸ್. ಇನ್ನು ಮ್ಯಾಟ್ ಫಿನಿಶ್ ಕಾರು ಯಾರದ್ದಾದ್ರೂ ಇದ್ರೆ ಕ್ಲೇ ಮುಟ್ಟಿಸ್ಲೇಬೇಡಿ, ಉಜ್ಜಿದಲ್ಲಿ ಹೊಳಪು ಬಂದು ಕಲೆ ಕಲೆ ಕಾಣ್ತದೆ, ಅದನ್ನು ಸರಿ ಮಾಡ್ಲಿಕ್ಕೆ ಇಡೀ ಪ್ಯಾನೆಲ್ ಪೈಂಟ್ ಮಾಡ್ಬೇಕು.

ಕುಂಬಳೆ_ಡೀಟೇಲಿಂಗ್

ಪೈಂಟರ್ ಅಣ್ಣ ಹೇಳಿದ್ದಕ್ಕೆ ಸೇರಿಸ್ಲಿಕ್ಕೆ ಎಂತದೂ ಇಲ್ಲ. ಉಳಿದದ್ದು ಹೇಳ್ತೇನೆ.

ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ. ಜಿಡ್ಡು ತೆಗೀಲಿಕ್ಕೆ ಮಾಡಿದ್ದು ಅದು, ಜಾರಿಸ್ಲಿಕ್ಕೆ ಅಲ್ಲ, ಬೇಗ ಒಣಗಿ ಬಾರ್ ಹಿಡಿದು ನಿಲ್ತದೆ, ಕೆಲವು ಬಾರ್ ಅದರಲ್ಲಿ ಕರಗಿ ಪೈಂಟಿಗೇ ಮೆತ್ತಿಕೊಳ್ತದೆ. ಕ್ಲೇಯೊಟ್ಟಿಗೆ ಬರುವ ಸ್ಪ್ರೇ ಅಥವಾ ಕ್ವಿಕ್ ಡೀಟೇಲರ್ ಅಂತ ಸಿಗುವ ಒರಸುವ ಸ್ಪ್ರೇ ಇದ್ರೆ ನಿಶ್ಚಿಂತೆ. ಇಲ್ಲಾಂದ್ರೆ ವ್ಯಾಕ್ಸ್ ಸೇರಿಸದ ಸಾದಾ ಕಾರ್ ಶಾಂಪೂ, ಬಕೆಟಿಗೆ ಹಾಕುವುದಕ್ಕಿಂತ ಸ್ವಲ್ಪ ಗಟ್ಟಿಯಾಗಿ ಕಲಸಿ ಸ್ಪ್ರೇ ಬಾಟಲಿಗೆ ಹಾಕಿ, ಬೆರಳಲ್ಲಿ ಉಜ್ಜಿದ್ರೆ ಲೋಳೆ ಲೋಳೆ ಬರ್ಬೇಕು. ನಾನು ಹೆಚ್ಚು ಮಾಡುದು ಹೀಗೇ, ಖರ್ಚು ಕಡಿಮೆ ಆದ್ದರಿಂದ ಧಾರಾಳ ಹೊಡೀಲಿಕ್ಕೆ ಕೈ ಬರ್ತದೆ.

ಕ್ಲೇ ಮಿಟ್ ಬೇಗ ಕೆಲಸ ಮಾಡ್ತದೆ, ತುಂಬ ಸಲ ಬಾಳ್ತದೆ, ಬಿದ್ರೆ ತೊಳೀಬಹುದು ಎಲ್ಲ ನಿಜ. ಆದ್ರೆ ಅದರಲ್ಲಿ ಕಣ ಒಳಗೆ ಹುಗಿಯುದಿಲ್ಲ, ಮೇಲೆಯೇ ಉಳೀತದೆ, ಆಗಾಗ ಬಕೆಟಿಗೆ ಅದ್ದದಿದ್ರೆ ಅದೇ ಕಣದಿಂದ ಉಜ್ಜಿದ ಹಾಗೆ ಆಗ್ತದೆ, ಮಂಕು ಜಾಸ್ತಿ ಬೀಳ್ತದೆ. ಮತ್ತೆ ಕೈಗೆ ಎಂತದೂ ಗೊತ್ತಾಗುದಿಲ್ಲ, ಬಾರಿನಲ್ಲಿ ಬೆರಳಿಗೆ ಪ್ರತಿ ಕಣ ಸಿಗ್ತದೆ. ಮೊದಲನೇ ಸಲ ಮಾಡುವವರಿಗೆ ನಾನು ಬಾರನ್ನೇ ಹೇಳುದು. ಗ್ಲಾಸಿಗೆ ಬೇಕಾದ್ರೆ ಮಿಟ್ ಹಾಕಿ, ಮುಂದಿನ ಗ್ಲಾಸಿಗೆ ಒಮ್ಮೆ ಕ್ಲೇ ಹಾಕಿದ್ರೆ ವೈಪರ್ ಕಿರಿಕಿರಿ ಶಬ್ದವೂ ಎಷ್ಟೋ ಕಡಿಮೆ ಆಗ್ತದೆ. ಗ್ಲಾಸಿಗೆ ಹಾಕಿದ ತುಂಡನ್ನು ಮತ್ತೆ ಪೈಂಟಿಗೆ ಹಾಕ್ಬೇಡಿ.

ಬೋರ್‌ವೆಲ್ ನೀರು: ಟ್ಯಾಂಕಿಯಲ್ಲಿ ಕೆಂಪು ಕೂರ್ತದೆ ಅಂದ್ರೆ ಕಬ್ಬಿಣ ಉಂಟು. ತೊಳೀಲಿಕ್ಕೆ ಅಡ್ಡಿ ಇಲ್ಲ, ಆದ್ರೆ ಹನಿಗಳು ಕಾರಿನ ಮೇಲೆಯೇ ಒಣಗ್ಬಾರ್ದು, ಒಣಗಿದ್ರೆ ಕಲೆ. ದೊಡ್ಡ ಮೈಕ್ರೋಫೈಬರ್ ಟವಲಿನಲ್ಲಿ ಕೂಡ್ಲೆ ಒರಸಿ. ನೀರ್ಚಾಲು ಕಡೆ ಎಷ್ಟೋ ಮನೆಯಲ್ಲಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಉಂಟಲ್ಲ, ನಿಮ್ಮಲ್ಲೂ ಇದ್ರೆ ಕೊನೆಯ ತೊಳೆತಕ್ಕೆ ಅದನ್ನೇ ತಗೊಳ್ಳಿ.

ಮುಳ್ಳೇರಿಯ_ಸೆವೆನ್‌ಸೀಟರ್

ನಡುವೆ ಬಂದದ್ದಕ್ಕೆ ಕ್ಷಮೆ ಇರ್ಲಿ. ನನ್ನ ಗಾಡಿಗೆ ಸೆರಾಮಿಕ್ ಕೋಟಿಂಗ್ ಆಗಿದೆ, ಮೊದಲು ನೀರು ಹಾಕಿದ್ರೆ ಹನಿ ಉರುಳಿ ಹೋಗ್ತಿತ್ತು, ಈಗ ಬಾನೆಟ್ ಮೇಲೆ ಹರಡಿ ನಿಲ್ತದೆ. ಸವರಿದ್ರೆ ಸ್ವಲ್ಪ ದೊರಗೂ ಉಂಟು. ಕೋಟಿಂಗ್ ಮೇಲೆ ಕ್ಲೇ ಹಾಕ್ಬಹುದಾ ಇಲ್ಲ ಕೋಟಿಂಗೇ ಹೋಯ್ತಾ?

ಕುಂಬಳೆ_ಡೀಟೇಲಿಂಗ್

ಕ್ಷಮೆ ಎಲ್ಲ ಎಂತಕ್ಕೆ, ಕೇಳ್ಲಿಕ್ಕೇ ಇರುವ ಜಾಗ ಇದು. ಕೂಡ್ಲೆ ಕ್ಲೇ ಹಾಕ್ಬೇಡಿ. ಹೆಚ್ಚಿನ ಸಲ ಕೋಟಿಂಗ್ ಹೋಗಿರುದಿಲ್ಲ, ಅದರ ಮೇಲೆ ಧೂಳು, ಕಬ್ಬಿಣ, ನೀರಿನ ಖನಿಜ ಕೂತು ಮುಚ್ಚಿರ್ತದೆ. ಮೊದಲು ಚೆನ್ನಾಗಿ ತೊಳೆದು ಅಯರ್ನ್ ರಿಮೂವರ್ ಹಾಕಿ, ಮತ್ತೆ ಬೋರ್ಡೋಗೆ ಅಕ್ಕ ಹೇಳಿದ ವಿನೆಗರ್ ನೀರನ್ನೇ ಇನ್ನೂ ತೆಳು ಮಾಡಿ ಒಮ್ಮೆ ಒರಸಿ ತೊಳೀರಿ. ನೀರು ಮತ್ತೆ ಉರುಳ್ಲಿಕ್ಕೆ ಶುರುವಾದ್ರೆ ಕೋಟಿಂಗ್ ಉಂಟು ಅಂತ ಲೆಕ್ಕ. ಕ್ಲೇ ಹಾಕಿದ್ರೆ ಆ ತೆಳು ಪದರಕ್ಕೆ ಪೆಟ್ಟು, ಹೊಳಪೂ ಮಂಕಾಗ್ತದೆ. ಇಷ್ಟು ಮಾಡಿಯೂ ನೀರು ಹರಡಿಯೇ ನಿಂತ್ರೆ ಆಗ ಕೋಟಿಂಗ್ ಮುಗಿದಿದೆ ಅಂತ ಬಿಟ್ಟು ಫೈನ್ ಕ್ಲೇ ಹಾಕಿ ಹೊಸದಾಗಿ ಶುರು ಮಾಡಿ. ವಾರಂಟಿ ಇದ್ರೆ ಎಲ್ಲಕ್ಕೂ ಮೊದಲು ಹಾಕಿದವರಲ್ಲಿ ಕೇಳಿ.

ನೀರ್ಚಾಲು_ತೋಟ

ಎಲ್ಲ ಮುಗಿಸಿ ಬರೀತಿದ್ದೇನೆ. ವಿನೆಗರಿಗೆ ಬೋರ್ಡೋ ಚುಕ್ಕಿ ಕಣ್ಣೆದುರೇ ಕರಗಿತು, ಗ್ಲಾಸು ಪೂರ್ತಿ ಕ್ಲೀನ್, ಡೋರಿನಲ್ಲಿ ಅಂಟಿನ ತೆಳು ಪಸೆ ಉಳಿದದ್ದು ಕ್ಲೇಗೆ ಬಂತು. ಅಯರ್ನ್ ರಿಮೂವರ್ ಹಾಕಿದಾಗ ಡಿಕ್ಕಿ ಬಾಗಿಲಿಂದ ನೇರಳೆ ನೀರು ಇಳಿದದ್ದು ನೋಡಿ ಮನೆಯವರೆಲ್ಲ ಹೊರಗೆ ಬಂದ್ರು, ಇಷ್ಟು ಕಬ್ಬಿಣ ಹೊತ್ಕೊಂಡು ತಿರುಗ್ತಿದ್ದೆವು ಅಂತ ನಂಬ್ಲಿಕ್ಕೇ ಆಗ್ಲಿಲ್ಲ. ಟಾರಿಗೆ ಚಿಮಿಣಿ ಎಣ್ಣೆ. ಇಷ್ಟೆಲ್ಲ ಆದ ಮೇಲೆ ಕ್ಲೇ ಬೇಕಾದ್ದು ಬಾನೆಟ್ಟಿಗೆ, ಟಾಪಿಗೆ, ಆ ಡೋರುಗಳಿಗೆ ಮಾತ್ರ. ಶಬ್ದ ನಿಂತು ಜಾರ್ಲಿಕ್ಕೆ ಶುರು ಆಗ್ತದೆ ಅಂದಿದ್ರಲ್ಲ, ಅದು ಕೈಗೆ ಸರಿಯಾಗಿ ಗೊತ್ತಾಯ್ತು. ಪೈಂಟ್ ಮುಟ್ಟಿ ಮುಟ್ಟಿ ನೋಡುವಷ್ಟು ನುಣುಪು ಆಗಿದೆ, ತುಂಬ ಖುಷಿ ಆಯ್ತು.

ಎರಡು ವಿಷಯ ಉಳಿದಿದೆ. ಟಾಪಿನ ಮೇಲೆ ಹಳೆ ಹಕ್ಕಿ ಹಿಕ್ಕೆಯ ಮೂರ್ನಾಲ್ಕು ಗುರುತು ಹಾಗೇ ಉಂಟು, ಸವರಿದ್ರೆ ನುಣುಪು ಆದ್ರೆ ಓರೆಯಾಗಿ ನೋಡಿದ್ರೆ ಕಾಣ್ತದೆ. ಬಾನೆಟ್ ಮೇಲೆ ಬಿಸಿಲಲ್ಲಿ ನೋಡಿದ್ರೆ ಎರಡು ಕಡೆ ತುಂಬ ತೆಳ್ಳಗೆ ಮಂಕು ಗೆರೆ. ವ್ಯಾಕ್ಸ್ ಇನ್ನೂ ಹಾಕ್ಲಿಲ್ಲ, ಸಂಜೆ ಹಾಕುವ ಅಂತ ಉಂಟು, ಅದರ ಮೊದಲು ಇದಕ್ಕೆ ಎಂತಾದ್ರೂ ಮಾಡ್ಬೇಕಾ? ಉಳಿದ ಕ್ಲೇ ಹೇಗೆ ಇಡುದು?

ಕುಂಬಳೆ_ಡೀಟೇಲಿಂಗ್

ಚೆನ್ನಾಗಿ ಮಾಡಿದ್ದೀರಿ. ಮಂಕು ಗೆರೆ ಕ್ಲೇಯದ್ದೇ, ಬಿಳಿ ಕಾರಿನಲ್ಲಿ ಕಂಡಿತು ಅಂದ್ರೆ ಅಲ್ಲಿ ದ್ರವ ಸ್ವಲ್ಪ ಒಣಗಿತ್ತು ಅಂತ. ಫಿನಿಶಿಂಗ್ ಪಾಲಿಶ್ ಅಂತ ಸಿಗ್ತದೆ, ಕಂಪೌಂಡ್ ಅಲ್ಲ, ಮೆತ್ತಗಿನ ಫೋಮ್ ಪ್ಯಾಡಿಗೆ ಕಾಳಿನಷ್ಟು ತಗೊಂಡು ಆ ಎರಡು ಜಾಗಕ್ಕೆ ಮಾತ್ರ ಕೈಯಲ್ಲಿ ಹಾಕಿ, ಹೋಗ್ತದೆ. ಪಾಲಿಶ್ ಈಗ ಮನೆಯಲ್ಲಿ ಇಲ್ಲಾಂದ್ರೆ ಕಾಯ್ಬೇಡಿ, ಸಂಜೆ ವ್ಯಾಕ್ಸ್ ಹಾಕಿ ಬಿಡಿ, ಪಾಲಿಶ್ ತಂದ ಮೇಲೆ ಆ ಜಾಗಕ್ಕೆ ಹಾಕಿ ಮತ್ತೆ ಅಲ್ಲಿಗಷ್ಟೇ ವ್ಯಾಕ್ಸ್.

ಹಿಕ್ಕೆಯ ಗುರುತು ಕ್ಲಿಯರ್ ಕೋಟಿನೊಳಗೆ ಇಳಿದದ್ದು. ಅದನ್ನು ತೆಗೀಬೇಕಾದ್ರೆ ಸುತ್ತಲಿನ ಕ್ಲಿಯರನ್ನು ಅಷ್ಟು ಆಳಕ್ಕೆ ಸವೆಸ್ಬೇಕು, ಟಾಪಿಗೆ ಬೀಳುವಷ್ಟು ಬಿಸಿಲು ಬೇರೆ ಯಾವ ಭಾಗಕ್ಕೂ ಬೀಳುದಿಲ್ಲ, ಅಲ್ಲಿನ ಪೈಂಟ್ ಕಳ್ಕೊಳ್ಳುದು ಬೇಡ. ನೀವು ಏಳೆಂಟು ವರ್ಷ ಇಟ್ಕೊಳ್ಳುವ ಕಾರು ಅಂದಿರಲ್ಲ, ಹಾಗೇ ಬಿಡಿ. ಮುಂದೆ ಹಿಕ್ಕೆ ಬಿದ್ರೆ ಅವತ್ತೇ ನೀರು ಹಾಕಿ ನೆನೆಸಿ ತೆಗೀರಿ, ವ್ಯಾಕ್ಸ್ ಇದ್ರೆ ಸುಲಭದಲ್ಲಿ ಬರ್ತದೆ.

ಉಳಿದ ಎರಡು ತುಂಡಿಗೆ ಒಂದಿಷ್ಟು ಸ್ಪ್ರೇ ಹೊಡೆದು ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಮನೆಯೊಳಗೆ ತಂಪಿರುವಲ್ಲಿ ಇಡಿ, ಡಿಕ್ಕಿಯಲ್ಲಿ ಬೇಡ, ಬಿಸಿಗೆ ಕರಗ್ತದೆ. ಉಪಯೋಗಿಸಿದ ತುಂಡು ಚಕ್ರಕ್ಕೆ ಇರ್ಲಿ. ಮುಂದಿನ ಸಲ ಯಾವಾಗ ಅಂತ ಕ್ಯಾಲೆಂಡರ್ ನೋಡ್ಬೇಡಿ, ಮಳೆಗಾಲ ಮುಗಿದ ಮೇಲೆ ಕವರ್ ಹಾಕಿ ಸವರಿ, ದೊರಗು ಸಿಕ್ಕಿದ್ರೆ ಮಾತ್ರ.